ಸೆರಗು ಯಾಕೆ ಸರಿದಿದೆ?

ನಮಸ್ಕಾರ.

ಕುಂಬಳೆಯಿಂದ ನೀವು ಕಳಿಸಿದ ‘ಮುಸುಕಿನೊಳಗಿನ ಕಣ್ಣೀರು’ ಲೇಖನವನ್ನು ಎರಡು ಸಲ ಓದಿದೆ. ಹೀಗೆಯೇ ಇದ್ದರೆ ಅಚ್ಚು ಹಾಕಲು ಆಗುವುದಿಲ್ಲ. ಕಾರಣ ಹೇಳದೆ ವಾಪಸ್ ಕಳಿಸಲು ಮಾತ್ರ ಮನಸ್ಸು ಬರಲಿಲ್ಲ.

ಇಟಲಿಯ ಚಿತ್ರಕಾರ ರಫಾಯೆಲ್‌ನ ‘ಲಾ ವೆಲಾಟಾ’ (ಮುಸುಕು ಹಾಕಿದವಳು) ಮತ್ತು ಮೈಸೂರು ರಾಣಿಯರ ಚಿತ್ರ, ಎರಡಕ್ಕೂ ನೀವು ಹೇಳುವುದು ಒಂದೇ: ಮುಸುಕು ಸೆರೆ, ಒಡವೆ ಸಂಕೋಲೆ. ಚಿತ್ರ ನೋಡುವ ಮೊದಲೇ ಈ ಮಾತು ನಿಮ್ಮ ಹತ್ತಿರ ಸಿದ್ಧವಾಗಿತ್ತು, ಅಲ್ವಾ?

ಮೈಸೂರಿನ ಚಿತ್ರವನ್ನೇ ತೆಗೆದುಕೊಳ್ಳಿ. 1805ರ ಸುಮಾರಿಗೆ ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಬರೆದದ್ದು. ಮೂವರು ಹೆಂಗಸರು, ಮೈತುಂಬ ಚಿನ್ನ. ಇವರು ನರ್ತಕಿಯರು ಅಂತ ಒಂದು ಕಾಲದಲ್ಲಿ ಅಂದುಕೊಂಡಿದ್ದರು. ಆದರೆ ಬಲಗಡೆಯ ಹುಡುಗಿಯನ್ನು ನೋಡಿ. ಎಡತೋಳನ್ನು ಮುಚ್ಚಬೇಕಾದ ಸೆರಗು ಸರಿದಿದೆ. ಬಲಗೈ ಆ ತೋಳಿನ ಕಡೆಗೇ ಹೋಗಿದೆ. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಲ್ಲಿ ನಿಂತು ಯೋಚಿಸಿದರು. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ, ಸಿಡುಬಿಗೆ ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿದ್ದಾಳೆ ಅನ್ನುವುದು ಅವರ ಓದು. ಎಡಗಡೆಯ ರಾಣಿಯ ಬಾಯಿಯ ಸುತ್ತ ಬಣ್ಣ ಮಾಸಿರುವುದನ್ನೂ ಅವರು ಬಿಡಲಿಲ್ಲ. ಅದು ಸಿಡುಬಿನ ಸೋಂಕನ್ನೇ ಸ್ವಲ್ಪ ತಾಗಿಸಿ ರೋಗ ತಡೆಯುತ್ತಿದ್ದ ಹಳೆಯ ಪದ್ಧತಿಯ ಗುರುತು ಅಂದರು. ಹಸುವಿನ ಸಿಡುಬಿನಿಂದ ಬಂದ ಹೊಸ ಲಸಿಕೆ ಭಾರತಕ್ಕೆ ತಲುಪಿದ್ದು 1802ರಲ್ಲಿ. ಜನರಿಗೆ ಭಯ. ರಾಣಿಯೇ ಹಾಕಿಸಿಕೊಂಡರೆ ಜನರಿಗೂ ಧೈರ್ಯ ಬರುತ್ತದೆ ಎಂಬ ಲೆಕ್ಕ ಈಸ್ಟ್ ಇಂಡಿಯಾ ಕಂಪನಿಯವರದು. ಈ ಓದನ್ನು ನೀವು ಒಪ್ಪದಿರಬಹುದು, ತೊಂದರೆಯಿಲ್ಲ. ಆದರೆ ಆ ಸೆರಗನ್ನು ನೋಡದೆ ಮುಂದೆ ಹೋಗಬಾರದಿತ್ತು.

‘ಲಾ ವೆಲಾಟಾ’ದಲ್ಲಿಯೂ ಅಷ್ಟೇ. ತಲೆಯಿಂದ ಇಳಿದ ಬಟ್ಟೆ ಮುಖವನ್ನು ಮುಚ್ಚುವುದೇ ಇಲ್ಲ. ಕಣ್ಣು ಸೆಳೆಯುವುದು ನೆರಿಗೆ ನೆರಿಗೆಯಾದ ಆ ದೊಡ್ಡ ರೇಷ್ಮೆ ತೋಳು. ನಿಮ್ಮ ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ. ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ತಟ್ಟಂ (ತಲೆವಸ್ತ್ರ) ಹಾಕಿದ ಹುಡುಗಿಯರು ಜೋರಾಗಿ ನಗುತ್ತಾ ಬಸ್ ಹತ್ತುವುದನ್ನು ನೀವೂ ದಿನಾ ನೋಡುತ್ತೀರಿ. ಬಟ್ಟೆ ಕಂಡ ಕೂಡಲೇ ದುಃಖ ಕಂಡಿತು ಅಂತ ಅವರ ಎದುರು ಹೇಳಲು ನಿಮಗೆ ಆಗುತ್ತದಾ?

ಇಷ್ಟರ ನಡುವೆ ನಾಲ್ಕನೇ ಪುಟದಲ್ಲಿ ಒಂದು ಸಾಲು ಇದೆ. ಅಜ್ಜಿಯ ಮದುವೆ ಫೋಟೋದಲ್ಲಿರುವ ಅವಲಕ್ಕಿ ಸರ ಅಜ್ಜಿಯದಲ್ಲ, ಆ ಒಂದು ದಿನಕ್ಕೆ ಪಕ್ಕದ ಮನೆಯಿಂದ ತಂದದ್ದು ಅಂತ ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ಓದುತ್ತಾ ನಾನು ಅಲ್ಲೇ ನಿಂತುಬಿಟ್ಟೆ. ಸರ ಕೇಳಲು ಯಾರು ಹೋದರು? ಕೊಟ್ಟವರು ಏನಂದರು? ಅಜ್ಜಿ ಈಗ ಆ ಫೋಟೋ ನೋಡಿ ಏನು ಹೇಳುತ್ತಾರೆ?

ಅವರನ್ನೇ ಕೇಳಿ. ಲೇಖನವನ್ನು ಆ ಸರದಿಂದ ಶುರುಮಾಡಿ, ಆಮೇಲೆ ರಾಣಿಯರ ಹತ್ತಿರ ಬನ್ನಿ. ಮುಂದಿನ ತಿಂಗಳು 10ರೊಳಗೆ ಕಳಿಸಿದರೆ ನಾನೇ ಮೊದಲು ಓದುತ್ತೇನೆ. ಫೋಟೋದ ಒಂದು ಪ್ರತಿಯನ್ನೂ ಜೊತೆಗಿಡಿ.