ಕಿರಾಣಿ ಲೆಕ್ಕವೂ ಇತಿಹಾಸವೇ, ಮಾಸ್ತರರೇ

ಆಳಂದದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಹಳೇ ಕಿರಾಣಿ ವಹಿಯೊಂದಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಬಹಮನಿ ಕೋಟೆ ಇರುವ ಕಲಬುರಗಿಯಲ್ಲಿ ಯಾರೋ ಉದ್ರಿ ತಂದ ಬೆಲ್ಲದ ಲೆಕ್ಕ ಇತಿಹಾಸ ಹೇಗಾಗುತ್ತದೆ?’

ಮಾಸ್ತರರೇ, ಕೋಟೆ ಬೇಕು, ಇಸವಿಗಳೂ ಬೇಕು. ಅದರಲ್ಲಿ ಜಗಳವಿಲ್ಲ. 1347ರಲ್ಲಿ ಬಹಮನಿ ರಾಜ್ಯ ಶುರುವಾಯಿತು ಅಂತ ನೀವು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿರುತ್ತೀರಿ. ಆ ಸುಲ್ತಾನರ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲ ಅಂತ ಹೇಳಿದ್ದಿರಾ? ಪೋರ್ಚುಗೀಸರು ಬಂದಿದ್ದೇ 1498ರಲ್ಲಿ. ಮೆಣಸಿನಕಾಯಿ ಬಂದಿದ್ದು ಅವರ ಹಿಂದೆ. ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಕೆಂಪು ಖಾರ ಆ ಕೋಟೆಗಿಂತ ಈಚಿನದು.

ನೀವು ವಹಿಯಲ್ಲಿ ಬೆಲ್ಲ ನೋಡಿದಿರಿ. ನಾನು ಜೋಳ ಹುಡುಕಿದೆ. ಉಪ್ಪು ಇದೆ, ಚಾಪುಡಿ ಇದೆ. ಪಾವ್ ಕಿಲೋ ಸಕ್ಕರೆ ಇದೆ, ಪಕ್ಕದಲ್ಲೇ ‘ಬೀಗರು ಬಂದಾರ’ ಅಂತ ಬರೆದಿದೆ. ವರ್ಷಗಟ್ಟಲೆ ಜೋಳ ಮಾತ್ರ ಇಲ್ಲ. ಹೊಲದ ಜೋಳ ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದ ಗುಂಡಿಯಲ್ಲಿ, ಇರುವಾಗ ಅಂಗಡಿಯಿಂದ ಯಾಕೆ ತರುತ್ತಾರೆ? 1972ರ ಬರದಲ್ಲಿ ಮೊದಲ ಸಲ ‘ಜೋಳ’ ಅಂತ ಕಾಣಿಸುತ್ತದೆ. ಮೊದಲು ಐದು ಕಿಲೋ, ಆಮೇಲೆ ಎರಡು, ಆಮೇಲೆ ಒಂದು. ಸರ್ಕಾರಿ ವರದಿಯಲ್ಲಿ ಬರ ಅಂದರೆ ತಾಲ್ಲೂಕುಗಳ ಪಟ್ಟಿ. ಈ ವಹಿಯಲ್ಲಿ ಒಂದು ಮನೆಯ ಹಗೇವು ಯಾವ ವಾರ ಬರಿದಾಯಿತು ಅನ್ನೋದು ಗೊತ್ತಾಗುತ್ತದೆ.

ಚಾಲುಕ್ಯರ ರಾಜಧಾನಿ ಕಲ್ಯಾಣವನ್ನೇ, ಅಂದರೆ ಇವತ್ತಿನ ಬಸವಕಲ್ಯಾಣವನ್ನೇ ತಗೊಳ್ಳಿ. 12ನೇ ಶತಮಾನದ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟದ ವೈಭವವಿದೆ. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ ಶರಣ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದಾಗ, ವಾಪಸ್ ಹಾಕಿ ಬಾ ಅಂದಳು ಹೆಂಡತಿ ಲಕ್ಕಮ್ಮ. ಎರಡನ್ನೂ ಒಟ್ಟಿಗೆ ಓದದೆ ಆ ಊರು ಹೇಗೆ ಅರ್ಥವಾದೀತು? 1470ರ ಸುಮಾರಿಗೆ ಬೀದರದಲ್ಲಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಇಲ್ಲಿನ ಕುದುರೆಗಳಿಗೆ ಖಿಚಡಿ ತಿನ್ನಿಸುತ್ತಾರೆ ಅಂತಲೂ ಬರೆದಿಟ್ಟ. ಕುದುರೆ ಮಾರಲು ಬಂದವನ ಕಣ್ಣಿಗೆ ಅದು ಬಿತ್ತು. ಆಸ್ಥಾನದ ಬರಹಗಾರ ಅಂಥದ್ದಕ್ಕೆ ಕೈಹಾಕುವುದು ಕಡಿಮೆ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಮನೆ ಒಡೆದು ಕಟ್ಟಿಸುವಾಗ ಹಳೇ ವಹಿಗಳು ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತಿವೆ. ಬೀಸುವ ಕಲ್ಲಿನ ಹಾಡು ಬಲ್ಲ ಮುದುಕಿಯರನ್ನು ಕೇಳುವವರಿಲ್ಲ. ಎಳ್ಳಮಾವಾಸ್ಯೆಯ ಭಜ್ಜಿಗೆ (ಕಾಳು, ತರಕಾರಿ ಸೇರಿಸಿ ಮಾಡುವ ಪಲ್ಯ) ಯಾವ ಊರಲ್ಲಿ ಯಾವ ಕಾಳು ಹಾಕುತ್ತಾರೆ ಅಂತ ಬರೆದಿಟ್ಟವರು ಎಷ್ಟು ಜನ? ನಮ್ಮ ಕಾಲೇಜುಗಳಲ್ಲಿ ಊಟದ ಮೇಲೆ ಸಂಶೋಧನೆ ಮಾಡುತ್ತೇನೆ ಅಂದರೆ ಇವತ್ತಿಗೂ ನಗುತ್ತಾರೆ.

ನಿಮ್ಮ ತಂದೆಯವರ ವಹಿಗಳೂ ಅಟ್ಟದ ಮೇಲಿವೆ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ದಯವಿಟ್ಟು ಕೆಳಗಿಳಿಸಿ. ನಾವೇ ಬಂದು ಫೋಟೋ ತೆಗೆದುಕೊಳ್ಳುತ್ತೇವೆ.

– ಸಂಪಾದಕ