ಊರಿನ ಜಾತಿ ಸರ್ಟಿಫಿಕೇಟು, ಮುಂಬಯಿಯ ಫೀ ಮಾಫಿ

ವಿದ್ಯಾರ್ಥಿನಿಗೆ 18 ವರ್ಷ. ಹುಟ್ಟಿದ್ದು, ಹತ್ತನೇ, ಹನ್ನೆರಡನೇ ಪಾಸಾದದ್ದು ಎಲ್ಲ ಮುಂಬಯಿಯ ಭಾಂಡುಪ್‌ನಲ್ಲಿ. ತಂದೆ ಉಡುಪಿ ಕಡೆಯವರು, 1996ರಲ್ಲಿ ಮುಂಬಯಿಗೆ ಬಂದು ಈಗ ಹೋಟೆಲಿನಲ್ಲಿ ಕ್ಯಾಶಿಯರ್. ಕ್ಯಾಪ್ (ರಾಜ್ಯದ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆ) ಎರಡನೇ ರೌಂಡಿನಲ್ಲಿ, ಓಪನ್ ವರ್ಗದಲ್ಲಿ, ನವಿ ಮುಂಬಯಿಯ ಖಾಸಗಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಶುಲ್ಕ ಮಾಫಿಗಾಗಿ ಮಹಾರಾಷ್ಟ್ರ ಸರಕಾರದ ವಿದ್ಯಾರ್ಥಿವೇತನ ಜಾಲತಾಣ ಮಹಾಡಿಬಿಟಿಗೆ ಹಾಕಿದ ಅರ್ಜಿ ಮಾತ್ರ ವಾಪಸು. ಸಲಹೆಗೆ ಬಂದ ತಾಯಿ ಕೇಳಿದ್ದು ಇಷ್ಟೇ: "ಊರಿಂದ 2ಎ ಸರ್ಟಿಫಿಕೇಟ್ ತರಿಸಿ ಹಾಕಿದ್ದೇವೆ ಮಾರಾಯ್ರೆ, ಮತ್ತೆಂತಕ್ಕೆ ವಾಪಸ್?"

ವಾಪಸಾದದ್ದೇ ಆ ಸರ್ಟಿಫಿಕೇಟಿನಿಂದ. ಕರ್ನಾಟಕದ 2ಎ (ಅಲ್ಲಿಯ ಹಿಂದುಳಿದ ವರ್ಗಗಳ ಒಂದು ಪ್ರವರ್ಗ) ಇಲ್ಲಿ ಒಬಿಸಿ ಆಗುವುದಿಲ್ಲ. ಇಲ್ಲಿ ಒಬಿಸಿ ಎನಿಸಲು ಕುಟುಂಬ 1967ರ ಅಕ್ಟೋಬರ್ 13ಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿ ನೆಲೆಸಿದ್ದಕ್ಕೆ ದಾಖಲೆ ಬೇಕು, ಪ್ರಮಾಣಪತ್ರವನ್ನು ಇಲ್ಲಿಯ ಅಧಿಕಾರಿಯೇ ಕೊಡಬೇಕು. ಅಜ್ಜ ಆ ಕಾಲದಲ್ಲಿ ಫೋರ್ಟಿನ ಯಾವುದಾದರೂ ರಾತ್ರಿಶಾಲೆಯಲ್ಲಿ ಓದಿ, ಜಾತಿ ನಮೂದಾದ ದಾಖಲೆ ಉಳಿದಿದ್ದರೆ ಪ್ರಯತ್ನಿಸಬಹುದು. ಈ ಮನೆಯ ಅಜ್ಜ ಊರು ಬಿಟ್ಟವರೇ ಅಲ್ಲ. ಆ ದಾರಿಯಲ್ಲಿ ಇನ್ನೊಂದು ದಿನವೂ ಕಳೆಯಬೇಡಿ ಎಂದು ನೇರವಾಗಿಯೇ ಹೇಳಲಾಯಿತು.

ಇವರಿಗೆ ಬೇಕಾದದ್ದು ಆದಾಯದ ದಾರಿ: ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಶಿಷ್ಯವೃತ್ತಿ ಯೋಜನೆ, ಜನರ ಬಾಯಲ್ಲಿ ಇಬಿಸಿ (ಆರ್ಥಿಕವಾಗಿ ಹಿಂದುಳಿದ ವರ್ಗ). ಕುಟುಂಬದ ವಾರ್ಷಿಕ ಆದಾಯದ ಮಿತಿ 8 ಲಕ್ಷ. ಹಿಂದೆ ಅರ್ಧ ಶುಲ್ಕ ಮಾಫಿಯಾಗುತ್ತಿತ್ತು. 2024-25ರಿಂದ ವೃತ್ತಿಪರ ಕೋರ್ಸಿನ ಹುಡುಗಿಯರಿಗೆ ಬೋಧನಾ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಪ್ರೊಫೈಲಿನಲ್ಲಿ 'ಒಬಿಸಿ' ಎಂದು ತುಂಬಿದ್ದರಿಂದ ಈ ಯೋಜನೆ ಇವಳ ಪರದೆಯ ಮೇಲೆ ಕಾಣಿಸಿಯೇ ಇರಲಿಲ್ಲ. ಅದನ್ನು ಓಪನ್ ಎಂದು ತಿದ್ದಿ, ಕ್ಯಾಪ್ ಅಲಾಟ್‌ಮೆಂಟ್ ಪತ್ರ, ಡೊಮಿಸೈಲ್ (ರಾಜ್ಯದ ನಿವಾಸಿ ಪ್ರಮಾಣಪತ್ರ), ರೇಷನ್ ಕಾರ್ಡು, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಸೇರಿಸಿ ಹೊಸದಾಗಿ ಅರ್ಜಿ ಹಾಕಲು ತಿಳಿಸಲಾಯಿತು. ಹೋಟೆಲ್ ಮಾಲಕರ ಸಂಬಳದ ಚೀಟಿಯನ್ನೇ ಅಪ್‌ಲೋಡ್ ಮಾಡಿದರೆ ನಡೆಯದು. ಅದು ತಹಶೀಲ್ದಾರರ ಪತ್ರ ಪಡೆಯಲು ತೋರಿಸುವ ಪುರಾವೆ ಮಾತ್ರ. ತಾಯಿಯ ಟಿಫಿನ್ ಡಬ್ಬಿಯ ಗಳಿಕೆಯನ್ನೂ ಕೂಡಿಸಬೇಕು, ಅದನ್ನು ಬಿಡಲು ಹೊರಟಿದ್ದರು. ಮನೆಯಲ್ಲಿ ಇಬ್ಬರು ಮಕ್ಕಳವರೆಗೆ ಮಾತ್ರ ಲಾಭ. ಇವಳು ಎರಡನೆಯವಳು, ತೊಂದರೆಯಿಲ್ಲ.

ಅಷ್ಟರಲ್ಲಿ ತಂದೆಗೆ ಇನ್ನೊಂದು ಆಸೆ. ಮುಲುಂಡ್ ಕಡೆಯ ಕಾಲೇಜೊಂದು ಉಳಿದ ಸೀಟುಗಳನ್ನು ಸಂಸ್ಥೆಯ ಮಟ್ಟದಲ್ಲೇ ತುಂಬುತ್ತಿದೆ, ಮನೆಗೆ ಹತ್ತಿರ, ಬದಲಾಯಿಸೋಣವೇ? ಬೇಡ. ಮ್ಯಾನೇಜ್‌ಮೆಂಟ್ ಕೋಟಾ ಮತ್ತು ಸಂಸ್ಥಾ ಮಟ್ಟದ ಪ್ರವೇಶಕ್ಕೆ ಈ ಮಾಫಿ ಇಲ್ಲ. ಲೋಕಲ್ ಟ್ರೇನಿನ ಅರ್ಧ ಗಂಟೆ ಉಳಿಸಲು ಹೋಗಿ ನಾಲ್ಕು ವರ್ಷದ ಶುಲ್ಕ ಮೈಮೇಲೆ ಬರುತ್ತಿತ್ತು.

ಕಾಲೇಜಿನ ಚೀಟಿಯಲ್ಲಿ ಒಟ್ಟು 1,42,000 ರೂಪಾಯಿ. ಬಿಡಿಸಿ ಬರೆದುಕೊಡಿ ಎಂದು ಕೇಳಿಸಿದಾಗ ಬೋಧನೆ 1,20,000, ಡೆವಲಪ್‌ಮೆಂಟ್ 12,000, ಉಳಿದದ್ದು 10,000. ಡೆವಲಪ್‌ಮೆಂಟ್ ಶುಲ್ಕ ಮಾಫಿಗೆ ಸೇರುವುದಿಲ್ಲ, ಅಷ್ಟನ್ನು ಮನೆಯವರು ಹೊಂದಿಸಲೇಬೇಕು. 'ಎಲ್ಲ ಫ್ರೀ' ಎಂದು ನಂಬಿ ಬಂದವರಿಗೆ ಇದು ಕಹಿ ಗುಳಿಗೆ.

ಕೊನೆಗೆ ಬ್ಯಾಂಕ್. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎಂದರು. ಆದರೆ ಕೆವೈಸಿಗೆ ಕೊಟ್ಟ ಆಧಾರ್ ಬೇರೆ, ಡಿಬಿಟಿಗೆ, ಅಂದರೆ ಸರಕಾರದ ಹಣ ನೇರವಾಗಿ ಖಾತೆಗೆ ಬರಲು, ಮಾಡಿಸುವ ಸೀಡಿಂಗ್ (ಆಧಾರ್ ಜೋಡಣೆ) ಬೇರೆ. ಆಧಾರಿನ ಜಾಲತಾಣ ಮೈಆಧಾರ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆರೆದರೆ, ಶಾಲಾ ದಿನಗಳಲ್ಲಿ ತೆರೆದು ಈಗ ವ್ಯವಹಾರವೇ ಇಲ್ಲದ ಖಾತೆಯ ಬ್ಯಾಂಕು ಕಾಣಿಸಿತು. ಈಗಿನ ಬ್ಯಾಂಕಿನ ಶಾಖೆಗೆ ಹೋಗಿ ಸೀಡಿಂಗ್ ಫಾರ್ಮ್ ಕೊಟ್ಟು, ಕೆಲವು ದಿನ ಬಿಟ್ಟು ಅದೇ ಪುಟವನ್ನು ಮತ್ತೆ ನೋಡಲು ಹೇಳಿದ್ದಾಯಿತು. ಕಾಲೇಜು ಮುಂಗಡ ಪಡೆಯದೆ ಬಿಟ್ಟ ಬೋಧನಾ ಶುಲ್ಕ ಮುಂದೆ ಈ ಖಾತೆಗೆ ಬಂದರೆ, ಅದು ಕಾಲೇಜಿಗೆ ಕಟ್ಟಬೇಕಾದ ಹಣ. ಅಣ್ಣನ ಬೈಕಿನ ಕಂತಿಗೆ ಅದನ್ನು ಮುಟ್ಟಬಾರದು ಎಂಬುದನ್ನು ತಾಯಿಯ ಎದುರೇ ಹೇಳಿಸಲಾಯಿತು.