ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಲ್ಯಾಪರೊಸ್ಕೋಪಿ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಜಠರದ ಕ್ಯಾನ್ಸರ್ ಇದೆ. ಬೇರೆ ಕಡೆ ಹರಡಿದ ಲಕ್ಷಣವಿಲ್ಲ ಎಂದು ಹೊಟ್ಟೆಯ ಸಿಟಿ ಸ್ಕ್ಯಾನ್ ರಿಪೋರ್ಟ್ ಬಂದಿದೆ. ಆದರೂ ಆಪರೇಷನ್‌ಗೆ ಮೊದಲು ಲ್ಯಾಪರೊಸ್ಕೋಪಿ ಬೇಕು ಅಂತಾರೆ ಡಾಕ್ಟರು. ಸ್ಕ್ಯಾನ್ ಮೇಲೆ ಅವರಿಗೇ ನಂಬಿಕೆ ಇಲ್ವಾ?

ಉತ್ತರ: ನಂಬಿಕೆ ಇದೆ. ಸ್ಕ್ಯಾನ್‌ನ ಮಿತಿಯೂ ಅವರಿಗೆ ಗೊತ್ತಿದೆ.

ಲಿವರ್‌ಗೆ ಹರಡಿದ್ದರೆ ಸಿಟಿ ಸಾಮಾನ್ಯವಾಗಿ ಚೆನ್ನಾಗಿ ಹಿಡಿಯುತ್ತದೆ. ರಕ್ತನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ (ಅಂಗಗಳು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಲು ಕೊಡುವ ದ್ರವ) ಕೊಟ್ಟು, ಸುಮಾರು 70 ಸೆಕೆಂಡ್ ಬಿಟ್ಟು ಚಿತ್ರ ತೆಗೆಯುತ್ತಾರೆ. ಆ ಹೊತ್ತಿಗೆ ಲಿವರ್ ಬೆಳ್ಳಗಾಗಿರುತ್ತದೆ. ಜಠರದಿಂದ ಬಂದ ಗಡ್ಡೆ ಅದರಲ್ಲಿ ಹೆಚ್ಚಾಗಿ ಕಪ್ಪಾಗಿ ಎದ್ದು ಕಾಣುತ್ತದೆ. ದುಗ್ಧಗ್ರಂಥಿಗಳ (ಲಿಂಫ್ ನೋಡ್) ವಿಷಯದಲ್ಲಿ ಸಿಟಿ ಮುಖ್ಯವಾಗಿ ಗಾತ್ರ ನೋಡುತ್ತದೆ, ಹಾಗಾಗಿ ಸ್ವಲ್ಪ ಅನುಮಾನ ಉಳಿದೇ ಉಳಿಯುತ್ತದೆ.

ನಿಜವಾದ ತೊಡಕು ಪೆರಿಟೋನಿಯಂನದು. ಹೊಟ್ಟೆಯ ಒಳಗೋಡೆಯನ್ನೂ ಕರುಳನ್ನೂ ಸುತ್ತಿರುವ ತೆಳು ಪೊರೆ ಇದು. ಜಠರದ ಕ್ಯಾನ್ಸರ್ ಇದರ ಮೇಲೆ ಎರಡು ಮೂರು ಮಿಲಿಮೀಟರ್‌ನ ಗಂಟುಗಳಾಗಿ ಉದುರಿಕೊಂಡಿರಬಹುದು. ಕರುಳಿನ ಮಡಿಕೆಗಳ ನಡುವೆ, ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆಳಗೆ ಅವು ಅಡಗಿದ್ದರೆ ಸಿಟಿಗೆ ಸಿಗುವುದು ಕಷ್ಟ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಅಥವಾ ಪೊರೆ ದಪ್ಪಗಾಗಿದ್ದರೆ ಸುಳಿವು ಸಿಗುತ್ತದೆ. ಆದರೆ ಅಷ್ಟರಲ್ಲಿ ಕಾಯಿಲೆ ಮುಂದೆ ಹೋಗಿರುತ್ತದೆ. ಪೆಟ್ ಸ್ಕ್ಯಾನ್ (ಕ್ಯಾನ್ಸರ್ ಇರುವ ಜಾಗ ಸಾಮಾನ್ಯವಾಗಿ ಹೊಳೆದು ಕಾಣುವ ಸ್ಕ್ಯಾನ್) ಮಾಡಿಸಿದರೆ ಸಾಕಲ್ವಾ ಎಂದು ಸುಮಾರು ಜನ ಕೇಳುತ್ತಾರೆ. ಇಷ್ಟು ಸಣ್ಣ ಗಂಟು ಅದರಲ್ಲೂ ತಪ್ಪಿಹೋಗುತ್ತದೆ. ಜಠರದ ಕೆಲವು ಕ್ಯಾನ್ಸರ್‌ಗಳಂತೂ ಪೆಟ್‌ನಲ್ಲಿ ಸರಿಯಾಗಿ ಹೊಳೆಯುವುದೇ ಇಲ್ಲ.

ಲ್ಯಾಪರೊಸ್ಕೋಪಿಯಲ್ಲಿ ಅರಿವಳಿಕೆ ಕೊಟ್ಟು, ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಕಣ್ಣಾರೆ ನೋಡುತ್ತಾರೆ. ಅನುಮಾನ ಬಂದ ಕಡೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಸಲೈನ್‌ನಿಂದ ಹೊಟ್ಟೆಯ ಒಳಗೆ ತೊಳೆದು, ಆ ನೀರಿನಲ್ಲಿ ಕ್ಯಾನ್ಸರ್ ಕೋಶ ಇದೆಯೇ ಎಂದು ಪರೀಕ್ಷಿಸುತ್ತಾರೆ. ಕಣ್ಣಿಗೆ ಏನೂ ಕಾಣದಿದ್ದರೂ ಕೆಲವೊಮ್ಮೆ ನೀರಿನಲ್ಲಿ ಕೋಶ ಸಿಗುತ್ತದೆ.

ಸಿಕ್ಕರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಸಾಮಾನ್ಯವಾಗಿ ಮೊದಲು ಔಷಧ ಚಿಕಿತ್ಸೆ, ಆಪರೇಷನ್ ಮಾತು ಆಮೇಲೆ. ಜಠರ ತೆಗೆಯುವುದು ದೊಡ್ಡ ಆಪರೇಷನ್. ಲಾಭವಿಲ್ಲದಿದ್ದರೆ ಸುಮ್ನೆ ಅದನ್ನು ಮಾಡಿಸಿಕೊಳ್ಳಬಾರದು. ಆದ್ದರಿಂದ ನಿಮ್ಮ ಡಾಕ್ಟರ ಸಲಹೆ ನನಗೆ ಸರಿ ಅನಿಸುತ್ತದೆ.

ಸಿಟಿಯನ್ನು ಕಾಂಟ್ರಾಸ್ಟ್ ಕೊಟ್ಟು ಮಾಡಿದ್ದಾರಾ, ಮಾಡಿ ಎಷ್ಟು ವಾರವಾಯಿತು ಎಂದು ಒಮ್ಮೆ ಕೇಳಿ. ಸರ್ಜನ್‌ಗೆ ರಿಪೋರ್ಟ್ ಜೊತೆ ಸ್ಕ್ಯಾನ್‌ನ ಸಿಡಿಯನ್ನೂ ಕೊಡಿ.